ಮರಳಕಣದಲ್ಲಿ ಕಾಲವನ್ನು ಕಂಡ ದೋರ್ಬಿನ್ಯಿ

ಕಡಲತೀರದ ಒಂದು ಚಿಟಿಕೆ ಮರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಶಂಖದಂತೆ ಸುರುಳಿಗೊಂಡ, ಮಣಿಗಳಂತೆ ಸಾಲುಗೂಡಿದ ಪುಟ್ಟ ಚಿಪ್ಪುಗಳು ಕಾಣಸಿಗುತ್ತವೆ. ಬಹುಪಾಲು ಸಾಸಿವೆ ಕಾಳಿಗಿಂತಲೂ ಚಿಕ್ಕವು. ಈ ಜೀವಿಗಳಿಗೆ ಫೊರಾಮಿನಿಫೆರ, ಅಂದರೆ ರಂಧ್ರಧಾರಿಗಳು ಎಂಬ ಹೆಸರನ್ನಿತ್ತು, ಅವುಗಳ ಅಧ್ಯಯನವನ್ನು ಒಂದು ಶಾಸ್ತ್ರವಾಗಿ ರೂಪಿಸಿದವರು ಫ್ರಾನ್ಸ್ ದೇಶದ ಅಲ್ಸೀದ್ ದೋರ್ಬಿನ್ಯಿ.

ಅವರು ಜನಿಸಿದ್ದು 1802ರ ಸೆಪ್ಟೆಂಬರ್ 6ರಂದು, ಪಶ್ಚಿಮ ಫ್ರಾನ್ಸಿನ ಕುಯೆರೋಂ ಎಂಬಲ್ಲಿ. ತಂದೆ ಹಡಗಿನ ವೈದ್ಯರಾಗಿದ್ದವರು, ನಿಸರ್ಗಾಸಕ್ತರು. ಕುಟುಂಬವು ಲಾ ರೋಶೆಲ್ ಬಳಿಯ ಎಸ್ನಾಂದ್ ಎಂಬ ಕಡಲೂರಿಗೆ ಬಂದು ನೆಲೆಸಿದಾಗ, ತಂದೆ ಮಗ ಇಬ್ಬರೂ ಕೂಡಿ ಮರಳು ಸೋಸಿ ಚಿಪ್ಪುಗಳನ್ನು ಆರಿಸತೊಡಗಿದರು. 1826ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಯುವಕ ಅಲ್ಸೀದರು ಇವುಗಳನ್ನು ಕ್ರಮಬದ್ಧವಾಗಿ ವರ್ಗೀಕರಿಸಿದರು. ಕಣ್ಣಿಗೆ ಕಾಣದ ವಸ್ತುವನ್ನು ಪಂಡಿತರಿಗೆ ತೋರಿಸುವುದು ಹೇಗೆ? ಅದಕ್ಕಾಗಿ ಅವರು ನೂರು ಚಿಪ್ಪುಗಳ ಹಿಗ್ಗಿಸಿದ ಮಾದರಿಗಳನ್ನು ಕೈಯಾರೆ ಕೆತ್ತಿ, ಅಚ್ಚು ತೆಗೆಸಿದರು. ಆದರೆ ಈ ಜೀವಿಗಳನ್ನು ಅವರು ಅಷ್ಟಪದಿಯ ಬಳಗಕ್ಕೆ ಸೇರಿಸಿದ್ದರು. ಅವು ಅತಿ ಸರಳವಾದ ಸೂಕ್ಷ್ಮಜೀವಿಗಳೆಂದು 1835ರಲ್ಲಿ ದ್ಯುಜಾರ್ದಾಂ ತೋರಿಸಿಕೊಟ್ಟರು. ಹೆಸರು ಮಾತ್ರ ದೋರ್ಬಿನ್ಯಿ ಇಟ್ಟದ್ದೇ ಉಳಿಯಿತು.

1826ರಲ್ಲಿಯೇ ಪ್ಯಾರಿಸಿನ ವಸ್ತುಸಂಗ್ರಹಾಲಯವು ಅವರನ್ನು ದಕ್ಷಿಣ ಅಮೆರಿಕಕ್ಕೆ ಕಳುಹಿಸಿತು. 1834ರವರೆಗೆ ಬ್ರೆಜಿಲ್, ಅರ್ಜೆಂಟೀನ, ಪೆಟಗೋನಿಯ, ಚಿಲಿ, ಬೊಲಿವಿಯ, ಪೆರು ಎಂದು ಅಲೆದರು. ಅದೇ ಕಾಲದಲ್ಲಿ ಆ ಖಂಡದಲ್ಲಿದ್ದ ಚಾರ್ಲ್ಸ್ ಡಾರ್ವಿನ್, ಒಳ್ಳೊಳ್ಳೆಯ ಮಾದರಿಗಳನ್ನೆಲ್ಲ ಈ ಫ್ರೆಂಚ್ ಸಂಗ್ರಾಹಕರು ಮೊದಲೇ ಬಾಚಿಕೊಂಡಿರಬಹುದೆಂದು ಗುರು ಹೆನ್ಸ್ಲೋ ಅವರಿಗೆ ಪತ್ರ ಬರೆದು ಕಳವಳಪಟ್ಟರಂತೆ. ಮಹಾವಿಜ್ಞಾನಿಗಳಿಗೂ ಇಂಥ ಮತ್ಸರ ತಪ್ಪಿದ್ದಲ್ಲವೆಂಬುದು ಒಂದು ಬಗೆಯ ಸಮಾಧಾನ!

ಮರಳಿ ಬಂದ ಮೇಲೆ ದೋರ್ಬಿನ್ಯಿ ಕೈಗೆತ್ತಿಕೊಂಡದ್ದು ಶಿಲಾಪದರಗಳ ಕಾಲನಿರ್ಣಯ. ಕಡಲಜೀವಿಗಳು ಸತ್ತಾಗ ಅವುಗಳ ಚಿಪ್ಪುಗಳು ತಳದ ಕೆಸರಿನಲ್ಲಿ ಹುದುಗಿ, ಕೆಸರಿನೊಡನೆ ಕಲ್ಲಾಗುತ್ತವೆ. ಒಂದೊಂದು ಪ್ರಭೇದವೂ ಒಂದು ಅವಧಿಯಲ್ಲಿ ಕಾಣಿಸಿಕೊಂಡು, ಮುಂದೊಮ್ಮೆ ಅಳಿದು, ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಸಾವಿರಾರು ಮೈಲಿ ದೂರದ ಎರಡು ಬಂಡೆಗಳಲ್ಲಿ ಒಂದೇ ಜೀವಿಸಮೂಹವು ದೊರೆತರೆ, ಅವೆರಡನ್ನೂ ಸರಿಸುಮಾರು ಒಂದೇ ಕಾಲದವೆಂದು ಎಣಿಸಬಹುದು. ಈ ನೆಲೆಯಲ್ಲಿ ಅವರು ಭೂಚರಿತ್ರೆಯನ್ನು 27 ಹಂತಗಳಾಗಿ ವಿಂಗಡಿಸಿ, ಸುಮಾರು 18,000 ಪ್ರಭೇದಗಳನ್ನು ಆಯಾ ಹಂತಗಳಿಗೆ ಹಂಚಿದರು. ಓಬ್ ನದಿಯಿಂದ ಆಲ್ಬಿಯನ್, ಲ ಮಾಂ ನಗರದ ಪ್ರಾಚೀನ ನಾಮದಿಂದ ಸೆನೊಮೇನಿಯನ್, ತುರೇನ್ ಪ್ರಾಂತದಿಂದ ಟುರೋನಿಯನ್: ಈ ಹೆಸರುಗಳು ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ.

ಸಿದ್ಧಾಂತದಲ್ಲಿ ಅವರು ಎಡವಿದ್ದುಂಟು. ಪ್ರತಿ ಹಂತದ ಕೊನೆಯಲ್ಲಿ ಪ್ರಳಯವಾಗಿ ಜೀವಸಂಕುಲವೆಲ್ಲ ನಾಶವಾಯಿತೆಂದೂ, ಮತ್ತೆ ಹೊಸ ಸೃಷ್ಟಿಯಾಯಿತೆಂದೂ ಅವರು ನಂಬಿದ್ದರು. ಜೀವವಿಕಾಸವಾದದ ಮುಂದೆ ಆ ನಂಬಿಕೆ ನಿಲ್ಲಲಿಲ್ಲ. ಹಂತಗಳು ನಿಂತವು, ಏಕೆಂದರೆ ಅವು ಪದರ ಪದರವಾಗಿ ಚಿಪ್ಪುಗಳನ್ನು ಎಣಿಸಿ ಗುರುತಿಸಿದವು.

ಅಧಿಕಾರಸ್ಥಾನ ಮಾತ್ರ ಬಹುಕಾಲ ದಕ್ಕಲಿಲ್ಲ. 1853ರಲ್ಲಿ ಪ್ಯಾರಿಸಿನ ಸಂಗ್ರಹಾಲಯದಲ್ಲಿ ಪ್ರಾಗ್ಜೀವಶಾಸ್ತ್ರದ ಪೀಠವನ್ನು ಅವರಿಗೆಂದೇ ಸ್ಥಾಪಿಸಿದಾಗ ವಯಸ್ಸು ಐವತ್ತು ದಾಟಿತ್ತು. ನಾಲ್ಕೇ ವರ್ಷಗಳಲ್ಲಿ, 1857ರ ಜೂನ್ 30ರಂದು, ಅವರು ತೀರಿಕೊಂಡರು. ಮರುವರ್ಷ ಅವರ ಬೃಹತ್ ಸಂಗ್ರಹವನ್ನು ಅದೇ ಸಂಸ್ಥೆ ಕೊಂಡುಕೊಂಡಿತು.

ಸೂಕ್ಷ್ಮ ಚಿಪ್ಪುಗಳ ನಿಜವಾದ ಬೆಲೆ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ತೈಲಬಾವಿಯ ಕೊರೆತದಲ್ಲಿ ದೊಡ್ಡ ಪಳೆಯುಳಿಕೆಗಳು ಪುಡಿಯಾಗುತ್ತವೆ. ಇವು ಮಾತ್ರ ಇಡಿಯಾಗಿ ಮೇಲೆ ಬರುತ್ತವೆ. ಅಮೆರಿಕದ ಟೆಕ್ಸಸ್‌ನಲ್ಲಿ ಎಸ್ತರ್ ಆಪ್ಲಿನ್, ಆಲ್ವಾ ಎಲಿಸರ್, ಹೆಡ್ವಿಗ್ ನೈಕರ್ ಎಂಬ ಮೂವರು ಮಹಿಳೆಯರು, ಇವುಗಳ ನೆರವಿನಿಂದ ಭೂಗರ್ಭದ ಪದರಗಳನ್ನು ಹೊಂದಿಸಬಹುದೆಂದು 1925ರಲ್ಲಿ ಪ್ರಕಟಿಸಿದರು.

ಚೆನ್ನೈಯಲ್ಲಿ ನೆಲೆಸಿರುವ ನಮ್ಮವರಿಗೆ ಇನ್ನೊಂದು ಸಂಗತಿ ರುಚಿಸೀತು. ಪುದುಚೇರಿಯ ಬಳಿ ದೊರೆತ ಪಳೆಯುಳಿಕೆಗಳನ್ನು ಆಂಗ್ಲ ವಿದ್ವಾಂಸ ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಕ್ರಿಟೇಷಿಯಸ್ ಯುಗದ ಆರಂಭಕ್ಕೆ ಸೇರಿಸಿದ್ದರು. ದೋರ್ಬಿನ್ಯಿ ಒಪ್ಪಲಿಲ್ಲ, ಶಂಖ ಚಿಪ್ಪುಗಳನ್ನು ಹೋಲಿಸಿ, ಅವು ಆ ಯುಗದ ಕೊನೆಯ ಭಾಗದವೆಂದರು. ಇಂದಿನ ಲೆಕ್ಕದಲ್ಲಿ ಎರಡು ಅಭಿಪ್ರಾಯಗಳ ನಡುವಿನ ಅಂತರ ಐದು ಕೋಟಿ ವರ್ಷಗಳಿಗೂ ಮಿಕ್ಕದ್ದು. ಮುಂದಿನ ಸಂಶೋಧನೆ ದೋರ್ಬಿನ್ಯಿ ಅವರ ಪಕ್ಷಕ್ಕೇ ಬಂದಿತು. ಸಿಮೆಂಟಿಗಾಗಿ ಸುಣ್ಣಕಲ್ಲು ಅಗೆಯುವ ಅರಿಯಲೂರಿನ ಸೀಮೆಯಲ್ಲಿ ಭೂವಿಜ್ಞಾನಿಗಳು ಕಡಲಪದರಗಳ ವಯಸ್ಸನ್ನು ಹೇಳುವಾಗ, ಆಲ್ಬಿಯನ್, ಟುರೋನಿಯನ್ ಎಂಬ ಅವರ ಹೆಸರುಗಳನ್ನೇ ಬಳಸುತ್ತಾರೆ.