ನಡತೆಗೆ ಸೊನ್ನೆ ಪಡೆದ ನಿರ್ದೇಶಕ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂತಹ ಊರುಗಳಿಂದ ಟ್ರಂಕು ಹೊತ್ತು ಹೊರಟು, ಸಿರಿಗೆರೆಯಲ್ಲೋ ಚಿತ್ರದುರ್ಗದಲ್ಲೋ ವಿದ್ಯಾರ್ಥಿನಿಲಯದ ಅನ್ನ ಉಂಡು ಓದಿದ ತಲೆಮಾರುಗಳು ನಮ್ಮಲ್ಲಿವೆ. ಬೆಳಗಿನ ಗಂಟೆ, ವಾರ್ಡನ್ನರ ಹೆಜ್ಜೆಯ ಸಪ್ಪಳ, ದಿನವೂ ಬದಲಾಗದ ಸಾರು, ದೀಪ ಆರಿದ ಮೇಲಿನ ಪಿಸುಮಾತು ಇವೆಲ್ಲ ಅವರಿಗೆ ಚೆನ್ನಾಗಿ ನೆನಪಿದೆ. ಆದರೆ ಫ್ರೆಂಚ್ ಸಿನಿಮಾ ಎಂದೊಡನೆ ಅದು ನಗರದ ಬುದ್ಧಿವಂತರಿಗೆ ಮೀಸಲಾದದ್ದೆಂದು ಅವರು ಹಿಂದೆ ಸರಿಯುತ್ತಾರೆ. ಈ ಹಿಂಜರಿಕೆಗೆ ಹೆಗ್ಗೋಡು ಎಂದೋ ಉತ್ತರ ಕೊಟ್ಟಿದೆ. 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಮಲೆನಾಡಿನ ಹಳ್ಳಿಗರ ಮುಂದಿಟ್ಟರು. ಫ್ರೆಂಚ್ ಭಾಷೆಯಲ್ಲಿ ಮೊದಲು ಏನನ್ನು ನೋಡಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ಝಾನ್ ವಿಗೋ. ಆತ ಬದುಕಿದ್ದು 29 ವರ್ಷ. ಮಾಡಿದ್ದು ನಾಲ್ಕೇ ಚಿತ್ರ. ನಾಲ್ಕನ್ನೂ ಒಟ್ಟಿಗೆ ನೋಡಿದರೂ ಮೂರು ಗಂಟೆ ಆಗದು. ನಮ್ಮ ಒಂದು ದೊಡ್ಡ ಸಿನಿಮಾದ ಅವಧಿ!

ವಿಗೋ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಪ್ಯಾರಿಸ್ಸಿನಲ್ಲಿ. ತಂದೆ ಅರಾಜಕತಾವಾದಿ ಪತ್ರಕರ್ತ. ಮಿಗೆಲ್ ಅಲ್ಮೆರೆಯ್ಡಾ ಎಂಬುದು ಆತ ತಾನೇ ಇಟ್ಟುಕೊಂಡ ಹೆಸರು. ಸರ್ಕಾರವನ್ನೂ ಸೈನ್ಯವನ್ನೂ ಎದುರುಹಾಕಿಕೊಂಡು ಜೈಲು ಕಂಡವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವನ ಪತ್ರಿಕೆಗೆ ಶತ್ರುದೇಶದ ಹಣ ಬರುತ್ತಿದೆ ಎಂಬ ಆರೋಪ ಎದ್ದಿತು. 1917ರ ಆಗಸ್ಟ್‌ನಲ್ಲಿ ಬಂಧನವಾಯಿತು. ಕೆಲವೇ ದಿನಗಳಲ್ಲಿ ಫ್ರೆನ್ ಕಾರಾಗೃಹದಲ್ಲಿ, ಕುತ್ತಿಗೆಗೆ ಬೂಟಿನ ಲೇಸು ಬಿಗಿದ ಸ್ಥಿತಿಯಲ್ಲಿ ಅವನ ಶವ ಸಿಕ್ಕಿತು. ಆತ್ಮಹತ್ಯೆ ಎಂದಿತು ಸರ್ಕಾರ. ನಂಬಿದವರು ಕಡಿಮೆ. ಆಗ ಮಗನಿಗೆ 12 ವರ್ಷ.

ದೇಶದ್ರೋಹಿಯ ಮಗ ಎಂಬ ಹಣೆಪಟ್ಟಿ ತಪ್ಪಿಸಲು ಬಂಧುಗಳು ಹುಡುಗನಿಗೆ ಬೇರೊಂದು ಹೆಸರು ಕೊಟ್ಟು ದಕ್ಷಿಣ ಫ್ರಾನ್ಸಿನ ವಸತಿಶಾಲೆಗೆ ಸೇರಿಸಿದರು. ಮಿಯೋ ಎಂಬ ಊರಿನ ಆ ಶಾಲೆಯಲ್ಲಿ ನಾಲ್ಕು ವರ್ಷಗಳು ಕಳೆದವು. ಸ್ವಂತ ಹೆಸರನ್ನು ಹೇಳಿಕೊಳ್ಳಲಾಗದ ಬಾಲಕನೊಬ್ಬ ಹಾಜರಿ ಕರೆಯುವಾಗ ಏನನ್ನು ಅನುಭವಿಸಿರಬಹುದು ಎಂಬುದನ್ನು ಊಹಿಸಿಕೊಳ್ಳಬಹುದಷ್ಟೆ. ಮುಂದೆ ಕ್ಷಯ ಅಂಟಿಕೊಂಡಿತು. ಪೈರಿನೀಸ್ ಪರ್ವತದ ಆರೋಗ್ಯಧಾಮದಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ, ಅಲ್ಲಿಗೇ ಬಂದಿದ್ದ ಪೋಲೆಂಡಿನ ಉದ್ಯಮಿಯೊಬ್ಬನ ಮಗಳು ಲಿಡೂಳ ಪರಿಚಯವಾಯಿತು. 1929ರಲ್ಲಿ ಮದುವೆ. ಕ್ಷಯಕ್ಕೆ ಹಿತವಾದ ಹವೆ ಎಂದು ದಂಪತಿ ಸಮುದ್ರತೀರದ ನೀಸ್ ನಗರದಲ್ಲಿ ನೆಲೆಸಿದರು. ಮಾವ ಕೊಟ್ಟ ಹಣದಲ್ಲಿ ವಿಗೋ ಕೊಂಡದ್ದು ಒಂದು ಹಳೆಯ ಕ್ಯಾಮೆರಾ.

ಆ ಕ್ಯಾಮೆರಾದಿಂದ ಹುಟ್ಟಿದ್ದು 1930ರ ಮೂಕಿಚಿತ್ರ 'ನೀಸ್ ನಗರದ ಕುರಿತು'. ಛಾಯಾಗ್ರಾಹಕ ಬೋರಿಸ್ ಕೌಫ್ಮನ್. ಸೋವಿಯತ್ ಸಾಕ್ಷ್ಯಚಿತ್ರಕಾರ ಝೀಗಾ ವೆರ್ತೋವ್‌ನ ತಮ್ಮ. ಕಡಲತೀರದಲ್ಲಿ ಬಿಸಿಲು ಕಾಯುವ ಶ್ರೀಮಂತ ಪ್ರವಾಸಿಗಳ ಪಕ್ಕದಲ್ಲೇ, ಅವರು ಕಾಲಿಡದ ಬಡವರ ಗಲ್ಲಿಗಳನ್ನು ಇರಿಸಿ ತೋರಿಸುವ ಈ ಚಿತ್ರದ ಅವಧಿ ಅರ್ಧ ಗಂಟೆಯೂ ಇಲ್ಲ. ಮರುವರ್ಷ ಮಾಡಿದ ಈಜುಗಾರ ತಾರಿಸ್ ಕುರಿತ ಕಿರುಚಿತ್ರ ಹೊಟ್ಟೆಪಾಡಿನದು. ಆದರೂ ಅದರಲ್ಲಿನ ನೀರಿನೊಳಗಿನ ದೃಶ್ಯಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕುದುರೆ ಜೂಜಿನ ಗೀಳಿದ್ದ ನೂನೆ ಎಂಬ ವರ್ತಕ ಬಂಡವಾಳ ಹೂಡಲು ಮುಂದೆ ಬಂದಾಗ ವಿಗೋ ತನ್ನ ಶಾಲಾ ದಿನಗಳಿಗೆ ಮರಳಿದ. 1933ರ 'ಝೆರೋ ದ ಕೊಂಡ್ವಿತ್' ಎಂದರೆ ನಡತೆಗೆ ಸೊನ್ನೆ ಅಂಕ ಎಂದರ್ಥ. ಭಾನುವಾರ ಹೊರಗೆ ಹೋಗಲು ಬಿಡದಂತೆ ಹುಡುಗರಿಗೆ ವಿಧಿಸುತ್ತಿದ್ದ ಶಿಕ್ಷೆ ಅದು. ಮಿಯೋದ ಗೆಳೆಯರ ಹೆಸರುಗಳೇ ಪಾತ್ರಗಳಿಗೂ ಇವೆ. ಊಟಕ್ಕೆ ಮತ್ತೆ ಮತ್ತೆ ಅದೇ ಹುರುಳಿಕಾಯಿ ಕಾಳು ಬಡಿಸಿದಾಗ ಹುಡುಗರು ದಂಗೆ ಏಳುತ್ತಾರೆ. ಮುಖ್ಯೋಪಾಧ್ಯಾಯನ ಪಾತ್ರವನ್ನು ಕುಬ್ಜನೊಬ್ಬನಿಗೆ ಕೊಟ್ಟು, ಅಧಿಕಾರದ ನಿಜವಾದ ಎತ್ತರ ಎಷ್ಟೆಂಬುದನ್ನು ವಿಗೋ ಮಾತಿಲ್ಲದೆ ತೋರಿಸಿದ. ರಾತ್ರಿಯ ದಿಂಬಿನ ಕಾಳಗ ಒಮ್ಮೆಲೇ ನಿಧಾನಗತಿಗೆ ತಿರುಗುತ್ತದೆ. ಗರಿಗಳು ಹಿಮದಂತೆ ಸುರಿಯುತ್ತವೆ, ಹುಡುಗರು ಉತ್ಸವದ ಹಾಗೆ ಸಾಗುತ್ತಾರೆ. ಅಲ್ಲಿ ಕೇಳುವ ವಿಚಿತ್ರ ಸಂಗೀತವನ್ನು ಮೊರಿಸ್ ಝೋಬೇರ್ ಹಿಂದುಮುಂದಾಗಿ ನುಡಿಸಿ ಅಳವಡಿಸಿದ್ದ. ಕೊನೆಗೆ ಶಾಲೆಯ ಉತ್ಸವದ ದಿನ ಹುಡುಗರು ಮಾಡು ಹತ್ತಿ, ಕೆಳಗೆ ಕುಳಿತ ಗಣ್ಯರ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾರೆ.

ನಲವತ್ತು ನಿಮಿಷ ಚಿಲ್ಲರೆಯ ಈ ಮಕ್ಕಳ ಚೇಷ್ಟೆಗೆ ಫ್ರೆಂಚ್ ಸರ್ಕಾರ ಹೆದರಿತು. ಸೆನ್ಸಾರ್ ಮಂಡಳಿ ಹೇರಿದ ನಿಷೇಧ ತೆರವಾಗಿ ಚಿತ್ರ ಮತ್ತೆ ತೆರೆ ಕಂಡದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಆಗ ಹದಿಹರೆಯದ ಫ್ರಾನ್ಸ್ವಾ ತ್ರುಫೋ ಪ್ಯಾರಿಸ್ಸಿನಲ್ಲಿ ಅದನ್ನು ನೋಡಿದ. 1959ರಲ್ಲಿ ತ್ರುಫೋ ಮಾಡಿದ 'ನಾನೂರು ಹೊಡೆತಗಳು' ಚಿತ್ರದಲ್ಲಿ, ವ್ಯಾಯಾಮದ ಮೇಷ್ಟರ ಹಿಂದೆ ಬೀದಿಯಲ್ಲಿ ಓಡುವ ಹುಡುಗರು ಒಬ್ಬೊಬ್ಬರಾಗಿ ಮಾಯವಾಗುವ ದೃಶ್ಯ ವಿಗೋಗೆ ಸಲ್ಲಿಸಿದ ಗುರುಕಾಣಿಕೆ.

ಅಷ್ಟಾದರೂ ನೂನೆ ಕೈಬಿಡಲಿಲ್ಲ. ಈ ಬಾರಿ ಅಪಾಯವಿಲ್ಲದ ಕಥೆಯೊಂದನ್ನು ಆತನೇ ಆರಿಸಿ ಕೊಟ್ಟ. ಹಳ್ಳಿಯ ಹುಡುಗಿಯೊಬ್ಬಳು ಸರಕುದೋಣಿಯ ಯಜಮಾನನನ್ನು ಮದುವೆಯಾಗುತ್ತಾಳೆ, ನಗರದ ಬೆಡಗಿಗೆ ಮನಸೋತು ಅಗಲುತ್ತಾಳೆ, ಮತ್ತೆ ಕೂಡುತ್ತಾಳೆ. ಇಷ್ಟೇ. ಈ ಸಾಧಾರಣ ಎಳೆಯಿಂದ 'ಲತಲಾಂತ್' ಎಂಬ ಕೃತಿಯನ್ನು ವಿಗೋ ಹೇಗೆ ಕಟ್ಟಿದ ಎಂಬುದು ನನಗೆ ಇಂದಿಗೂ ಬೆರಗು. 1933-34ರ ಚಳಿಗಾಲದಲ್ಲಿ, ಕಾಲುವೆಗಳ ಮೇಲೆ, ಜ್ವರದ ಮೈಯಲ್ಲಿ ಚಿತ್ರೀಕರಣ ನಡೆಯಿತು. ಹಚ್ಚೆ ತುಂಬಿದ ಮೈಯ, ಬೆಕ್ಕುಗಳನ್ನು ಸಾಕಿಕೊಂಡ ಮುದಿ ನಾವಿಕನಾಗಿ ಮಿಶೆಲ್ ಸಿಮೋನ್ ಮಾಡಿದ ಅಭಿನಯಕ್ಕೆ ಸಾಟಿಯಿಲ್ಲ. ನೀರಿನೊಳಗೆ ಕಣ್ಣು ತೆರೆದರೆ ಪ್ರೀತಿಸಿದವರ ಮುಖ ಕಾಣುತ್ತದೆ ಎಂಬುದು ಆ ಹುಡುಗಿಯ ನಂಬಿಕೆ. ಹೆಂಡತಿಯನ್ನು ಕಳೆದುಕೊಂಡ ಗಂಡ ನದಿಗೆ ಧುಮುಕಿ ಅವಳನ್ನು ಹುಡುಕುತ್ತಾನೆ. ಮದುವೆಯ ಬಿಳಿ ಉಡುಪಿನಲ್ಲಿ ಅವಳು ಅವನ ಕಣ್ಣೆದುರು ತೇಲುತ್ತಾಳೆ. ತಾರಿಸ್‌ನ ಈಜುಕೊಳದಲ್ಲಿ ಕಲಿತ ವಿದ್ಯೆ ಇಲ್ಲಿ ಕಾವ್ಯವಾಗಿದೆ.

ವಿಗೋ ಹಾಸಿಗೆ ಹಿಡಿದ. ಚಿತ್ರ ಓಡುವುದಿಲ್ಲ ಎಂದು ಅಂಜಿದ ಗೋಮೋಂ ಸಂಸ್ಥೆ ಅದಕ್ಕೆ ಕತ್ತರಿ ಹಾಕಿತು. ಝೋಬೇರ್‌ನ ಸಂಗೀತದ ಬಹುಭಾಗವನ್ನು ತೆಗೆದು ಆಗ ಜನಪ್ರಿಯವಾಗಿದ್ದ ಹಾಡೊಂದನ್ನು ತುರುಕಿ, ಚಿತ್ರಕ್ಕೂ ಆ ಹಾಡಿನ ಹೆಸರನ್ನೇ ಇಟ್ಟು 1934ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿತು. ಅದೂ ಬೇಗನೆ ಮಕಾಡೆ ಮಲಗಿತು. ಅಕ್ಟೋಬರ್ 5ರಂದು ವಿಗೋ ತೀರಿಕೊಂಡ. ಲಿಡೂ 1939ರಲ್ಲಿ ಹೋದಳು. ಝೋಬೇರ್ 1940ರಲ್ಲಿ ಯುದ್ಧಭೂಮಿಯಲ್ಲಿ ಮಡಿದ. ಅಮೆರಿಕಕ್ಕೆ ವಲಸೆ ಹೋದ ಕೌಫ್ಮನ್ 'ಆನ್ ದ ವಾಟರ್‌ಫ್ರಂಟ್' ಚಿತ್ರಕ್ಕೆ ಆಸ್ಕರ್ ಪಡೆದ.

ಚಿತ್ರ ಮಾತ್ರ ಸಾಯಲಿಲ್ಲ. ಲಂಡನ್ನಿನ ಸಂಗ್ರಹಾಲಯದಲ್ಲಿ ಉಳಿದಿದ್ದ ಪ್ರತಿಯೊಂದರ ನೆರವಿನಿಂದ 1990ರಲ್ಲಿ 'ಲತಲಾಂತ್' ಬಹುಮಟ್ಟಿಗೆ ಮೂಲರೂಪಕ್ಕೆ ಮರಳಿತು. ಹಿಂದೆ ಕತ್ತರಿ ಹಾಕಿದ್ದ ಗೋಮೋಂ ಸಂಸ್ಥೆಯೇ ಈ ಕೆಲಸವನ್ನು ಮಾಡಿಸಿದ್ದು ವಿಪರ್ಯಾಸ. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿದಾಗ, ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಲ್ಲಿ ಇದಕ್ಕೆ 12ನೆಯ ಸ್ಥಾನ ಸಿಕ್ಕಿತು. ತಂದೆ ತೀರಿಕೊಂಡಾಗ ಮೂರು ವರ್ಷದ ಕೂಸಾಗಿದ್ದ ಮಗಳು ಲೂಸ್, ಮುಂದೆ ಸಿನಿಮಾ ವಿಮರ್ಶಕಿಯಾಗಿ ಅವನ ಬದುಕಿನ ಮೇಲೆ ಪುಸ್ತಕ ಬರೆದಳು.

ಹುಡುಕುವವರು ಒಂದು ಎಚ್ಚರ ವಹಿಸಬೇಕು. 'ಲತಲಾಂತ್'ನ ಕತ್ತರಿಸಿದ ಪ್ರತಿಗಳು ಹಿಂದೆ ಬಹಳ ಕಾಲ ಓಡಾಡಿವೆ. 1990ರ ಅಥವಾ ಆನಂತರದ ಪುನರುಜ್ಜೀವಿತ ಪ್ರತಿ, ಸುಮಾರು ಒಂದೂವರೆ ಗಂಟೆಯದು, ಅದನ್ನೇ ನೋಡಿ. ಆದರೆ ಮೊದಲು ನೋಡಬೇಕಾದದ್ದು 'ನಡತೆಗೆ ಸೊನ್ನೆ'. ಹಾಸ್ಟೆಲಿನಲ್ಲಿ ಬೆಳೆದವರಿಗೆ ಅದರ ಅರ್ಧಕ್ಕೆ ಅಡಿಬರಹವೂ ಬೇಕಾಗದು.