ನಾಳದೊಳಗೇ ದಾರಿ ಕಂಡ ಡಾಟರ್

ಮುಂಬೈಯಲ್ಲಿ ಇಂಟರ್‌ವೆನ್ಷನಲ್ ರೇಡಿಯಾಲಜಿ ನನ್ನ ವೃತ್ತಿ. ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟ. ರೇಡಿಯಾಲಜಿಯವರು ಚಿತ್ರ ತೆಗೆಯುತ್ತಾರೆ, ಚಿಕಿತ್ಸೆ ಮಾಡುವವರು ಬೇರೆ ಎಂಬುದು ಎಲ್ಲರ ಲೆಕ್ಕ. ಅದನ್ನು ಬದಲಿಸಿದವರು ಅಮೆರಿಕದ ಚಾರ್ಲ್ಸ್ ಡಾಟರ್.

1920ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಡಾಟರ್, 1952ರಲ್ಲಿ ಪೋರ್ಟ್‌ಲ್ಯಾಂಡ್‌ನ ಒರೆಗಾನ್ ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗದ ಮುಖ್ಯಸ್ಥರಾದರು. ಬೆಟ್ಟ ಹತ್ತುವುದು ಅವರ ಹುಚ್ಚು. ಗಿಟಾರ್ ತಂತಿ, ಕಾರಿನ ಸ್ಪೀಡೋಮೀಟರ್ ಕೇಬಲ್‌ಗಳಿಂದಲೂ ವೈದ್ಯಕೀಯ ಉಪಕರಣ ಮಾಡಿಕೊಳ್ಳುತ್ತಿದ್ದ ಕೈ ಅವರದು.

1963ರಲ್ಲಿ ಅವರ ಬಳಿ ಬಂದ ಒಬ್ಬ ರೋಗಿಗೆ ಕಿಡ್ನಿಯ ರಕ್ತನಾಳ ಕಿರಿದಾಗಿತ್ತು. ಅದರ ಚಿತ್ರಕ್ಕಾಗಿ ಡಾಟರ್ ತೊಡೆಸಂದಿನಿಂದ ಕ್ಯಾಥೆಟರ್ ತೂರಿಸಿದರು. ದಾರಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ನಾಳವನ್ನು ಆ ಕೊಳವೆ ತಾನಾಗಿಯೇ ತೆರೆದುಕೊಂಡು ಮೇಲೇರಿತು. ರೋಗ ತೋರಿಸುವ ಕೊಳವೆ ರೋಗವನ್ನು ವಾಸಿಯೂ ಮಾಡಬಹುದಲ್ಲ ಎಂದು ಅವರಿಗೆ ಹೊಳೆಯಿತು.

1964ರ ಜನವರಿ 16ರಂದು ಅದು ಪರೀಕ್ಷೆಗೆ ಬಂತು. 82 ವರ್ಷದ ಮಹಿಳೆಯೊಬ್ಬರ ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸಲು ಅವರು ಒಪ್ಪಿರಲಿಲ್ಲ. ಡಾಟರ್ ಒಂದರ ಮೇಲೊಂದು ದಪ್ಪ ಕೊಳವೆ ತೂರಿಸಿ ತೊಡೆಯ ನಾಳ ಹಿಗ್ಗಿಸಿದರು. ಕಾಲು ಉಳಿಯಿತು. ಆದರೂ ಅಮೆರಿಕದ ಅನೇಕ ಶಸ್ತ್ರವೈದ್ಯರು ಅವರನ್ನು ಹುಚ್ಚನೆಂದರು. ಈ ವಿಧಾನವನ್ನು ಮೊದಲು ಕೈಗೆತ್ತಿಕೊಂಡು ಬೆಳೆಸಿದ್ದು ಯುರೋಪಿನವರು.

ಡಾಟರ್ ಅಲ್ಲಿಗೇ ನಿಲ್ಲಲಿಲ್ಲ. 1969ರಲ್ಲಿ ನಾಯಿಗಳ ರಕ್ತನಾಳದೊಳಗೆ ತಂತಿಯ ಸುರುಳಿ ಕೂರಿಸಿ, ನಾಳ ತೆರೆದಿರುವಂತೆ ಮಾಡಿದ ವರದಿ ಪ್ರಕಟಿಸಿದರು. ಇಂದಿನ ಸ್ಟೆಂಟಿನ ಮೂಲ ಅದೇ. ನಂತರ ಯೋಸೆಫ್ ರೋಶ್ ಜತೆಗೂಡಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದ ನಾಳವನ್ನು ಕ್ಯಾಥೆಟರ್ ಮೂಲಕವೇ ಮುಚ್ಚಿದರು. 1972ರಲ್ಲಿ ಅದನ್ನೂ ಪ್ರಕಟಿಸಿದರು.

ತೆರೆದಿಡುವ, ಮುಚ್ಚುವ ಈ ಎರಡೂ ಉಪಾಯಗಳು ಕಿಡ್ನಿಯ ಅಪಧಮನಿಯ ಅನ್ಯೂರಿಸಂ ಚಿಕಿತ್ಸೆಯಲ್ಲಿ ನನಗೆ ನೆರವಾಗುತ್ತವೆ. ನಾಳದ ಗೋಡೆ ಬಲೂನಿನಂತೆ ಉಬ್ಬುವ ಅಪರೂಪದ ಕಾಯಿಲೆ ಇದು. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಾಣುತ್ತದೆ. ಒಡೆದರೆ ಮಾತ್ರ ಪ್ರಾಣಕ್ಕೇ ಸಂಚಕಾರ. ಗರ್ಭಿಣಿಯಲ್ಲಿ ಒಡೆದರೆ ಎರಡು ಜೀವಗಳ ಪ್ರಶ್ನೆ. ಹಿಂದೆ ಹೊಟ್ಟೆ ತೆರೆಯದೆ ದಾರಿಯಿರಲಿಲ್ಲ. ಕೆಲವೊಮ್ಮೆ ಕಿಡ್ನಿಯನ್ನೇ ತೆಗೆಯಬೇಕಾಗುತ್ತಿತ್ತು. ಈಗ ತೊಡೆಸಂದಿನ ಸಣ್ಣ ರಂಧ್ರದಿಂದ ಹೋಗಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುತ್ತೇವೆ. ಇಲ್ಲವೇ ಉಬ್ಬಿನ ಬಾಯಿಗೆ ಅಡ್ಡವಾಗಿ ಹೊದಿಕೆಯುಳ್ಳ ಸ್ಟೆಂಟ್ ಕೂರಿಸುತ್ತೇವೆ. ಕಿಡ್ನಿಗೆ ರಕ್ತ ಹರಿಯುತ್ತಲೇ ಇರುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ನಾಳ ಹಲವು ಕವಲಾಗುವಲ್ಲಿ ಉಬ್ಬಿದ್ದರೆ ಇಂದಿಗೂ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಣ್ಣ ಉಬ್ಬಿಗೆ ಆಗಾಗ ಸ್ಕ್ಯಾನ್ ಮಾಡಿ ಕಾಯುವುದೂ ಉಂಟು. ಆದರೆ ಕತ್ತರಿಸುವ ಮೊದಲು, ಒಳಗಿನಿಂದಲೇ ಸರಿಪಡಿಸಲು ಸಾಧ್ಯವೇ ಎಂದು ರೋಗಿ ಇವತ್ತು ಕೇಳಬಹುದು, ಕೇಳಬೇಕು. 1985ರಲ್ಲಿ ತೀರಿಕೊಂಡ ಡಾಟರ್ ನಮಗೆ ಬಿಟ್ಟುಹೋಗಿರುವುದು ಆ ಪ್ರಶ್ನೆಯನ್ನೇ.