ವಿದ್ಯಾಸಾಗರರ ಜಮಾ-ಖರ್ಚು

ಈಶ್ವರಚಂದ್ರ ವಿದ್ಯಾಸಾಗರರು ಕನ್ನಡಿಗರಿಗೆ ಹೊಸಬರಲ್ಲ. ಅವರ ‘ಭ್ರಾಂತಿವಿಲಾಸ’ವನ್ನು ಬಿ. ವೆಂಕಟಾಚಾರ್ಯರು ಬಹಳ ಹಿಂದೆಯೇ ಕನ್ನಡಕ್ಕೆ ತಂದಿದ್ದಾರೆ. ಆದರೆ ಕಾಮರ್ಸ್ ಓದುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪುಸ್ತಕವಲ್ಲ, ಅವರ ಸಾಲ.

1820ರಲ್ಲಿ ಬಂಗಾಳದ ಬೀರಸಿಂಗ ಗ್ರಾಮದ ಬಡ ಬ್ರಾಹ್ಮಣ ಮನೆಯಲ್ಲಿ ಅವರು ಹುಟ್ಟಿದರು. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಓದಿ, 1851ರಲ್ಲಿ ಅದೇ ಕಾಲೇಜಿಗೆ ಪ್ರಿನ್ಸಿಪಾಲರಾದರು. ಅವರ ಹೋರಾಟದಿಂದ 1856ರಲ್ಲಿ ವಿಧವಾ ಪುನರ್ವಿವಾಹದ ಕಾನೂನು ಬಂತು. ಕಾನೂನೇನೋ ಬಂತು, ಮದುವೆ ಮಾಡಿಸೋರು ಯಾರು? ಖರ್ಚೆಲ್ಲ ಇವರ ತಲೆಗೇ ಬಂತು. ಚಂದಾ ಕೊಡ್ತೀವಿ ಅಂದವರು ಮೆಲ್ಲಗೆ ಜಾರಿಕೊಂಡರು. ಹಣದ ಆಸೆಗೇ ಮದುವೆಯಾಗಿ ಮೋಸ ಮಾಡಿದವರೂ ಇದ್ದರು. ಸಾಲ ಬೆಳೆಯಿತು. ಹಳ್ಳಿಗಳಲ್ಲಿ 35 ಹೆಣ್ಣುಮಕ್ಕಳ ಶಾಲೆ ತೆರೆದರೆ ಸರ್ಕಾರ ಹಣಕ್ಕೆ ತಕರಾರು ಮಾಡಿತು. 1858ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 1866ರಲ್ಲಿ ಗಾಡಿ ಮಗುಚಿ ಬಿದ್ದ ಪೆಟ್ಟಿನಿಂದ ಕೆಟ್ಟ ಆರೋಗ್ಯ ಮತ್ತೆ ಸರಿಹೋಗಲಿಲ್ಲ. ಬಹುಪತ್ನಿತ್ವದ ವಿರುದ್ಧ ಎರಡು ಸಲ ಅರ್ಜಿ ಹಾಕಿದರೂ ಕಾನೂನು ಬರಲಿಲ್ಲ.

ಇಷ್ಟಾದ ಮೇಲೆ ಯಾರಿಗಾದರೂ ಬೇಸರ ಬಾರದೆ ಇರುತ್ತದೆಯೇ? 1870ರ ದಶಕದಲ್ಲಿ ಅವರು ಕರ್ಮಾಟಾರ್‌ನಲ್ಲಿ ಮನೆ ಮಾಡಿದರು. ಅದು ಈಗಿನ ಝಾರ್ಖಂಡ್‌ನಲ್ಲಿದೆ, ಸಂತಾಲರ ಸೀಮೆ. ಓಡಿಹೋದರು ಅಂತ ಅನ್ನಬಹುದು. ನಾನು ಹಾಗನ್ನಲಾರೆ. ಕಲ್ಕತ್ತೆಗೆ ಬಂದು ಹೋಗುತ್ತಾ ತಮ್ಮ ಮೆಟ್ರೋಪಾಲಿಟನ್ ಸಂಸ್ಥೆಯನ್ನು ನಡೆಸಿಕೊಂಡೇ ಬಂದರು. ಕರ್ಮಾಟಾರ್‌ನಲ್ಲಿ ಹೋಮಿಯೋಪತಿ ಔಷಧ ಕೊಡುತ್ತಿದ್ದರು, ಪಾಠ ಹೇಳಿಸುತ್ತಿದ್ದರು. ಬೆಳಿಗ್ಗೆ ಸಂತಾಲರು ಮುಸುಕಿನ ಜೋಳ ತಂದರೆ ಕೇಳಿದ ಬೆಲೆ ಕೊಟ್ಟು ಕೊಳ್ಳೋರು. ಹೊತ್ತೇರಿದ ಮೇಲೆ ಹಸಿದು ಬಂದವರಿಗೆ ಅದೇ ಜೋಳವನ್ನು ಹಂಚೋರು! ನಮ್ಮ ಲೆಕ್ಕದ ಪುಸ್ತಕದಲ್ಲಿ ಇದು ಶುದ್ಧ ನಷ್ಟ. ಆದರೆ ಈ ನಷ್ಟ ಒಬ್ಬ ಮನುಷ್ಯ ತಾಳಬಲ್ಲಷ್ಟೇ ಇತ್ತು, ಹೊಟ್ಟೆ ತುಂಬಿದ್ದು ಕಣ್ಣೆದುರಿಗೇ ಕಾಣುತ್ತಿತ್ತು.

ನಮ್ಮಲ್ಲೂ ಹಳ್ಳಿಗೆ ಹೋಗಿ ರಾತ್ರಿ ಶಾಲೆ ನಡೆಸುವ ಗೆಳೆಯರಿದ್ದಾರೆ. ನಿದ್ದೆಗೆಟ್ಟು ದುಡೀತಾರೆ, ಸುಸ್ತಾಗಿ ಬಿಟ್ಟುಬಿಡ್ತಾರೆ. ಆಮೇಲೆ ತಪ್ಪು ಮಾಡಿದವರ ಹಾಗೆ ಎದುರಿಗೆ ಸಿಕ್ಕರೂ ತಲೆ ತಗ್ಗಿಸ್ತಾರೆ. ಅಂಥವರಿಗೆ ನಾನು ಹೇಳೋದಿಷ್ಟೇ. ಭಾರ ಕಡಿಮೆ ಮಾಡಿಕೊಳ್ಳುವುದು ದ್ರೋಹವಲ್ಲ. ವಾರಕ್ಕೆ ಐದು ದಿನ ಆಗದಿದ್ದರೆ ಒಂದು ದಿನ ಹೋಗಿ. ಊರಿನ ಸಾಲವನ್ನೆಲ್ಲ ಒಬ್ಬನ ಖಾತೆಗೆ ಬರೆಯುವ ಪದ್ಧತಿ ಯಾವ ಲೆಕ್ಕಶಾಸ್ತ್ರದಲ್ಲೂ ಇಲ್ಲ.

ವಿದ್ಯಾಸಾಗರರು 1891ರ ಜುಲೈ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಕರ್ಮಾಟಾರ್‌ನ ರೈಲ್ವೆ ಸ್ಟೇಷನ್ನಿಗೆ ಈಗ ಅವರದೇ ಹೆಸರು.